ಹೀನಾಧಿಕ ಮಾನವೂ ರಕ್ತಪರೀಕ್ಷೆಯ ಯಂತ್ರವೂ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ನಾಲ್ಕನೆಯದು ಹೀನಾಧಿಕ ಮಾನೋನ್ಮಾನ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದರ ಪ್ರಸ್ತಾಪವಿದೆ. ಸೇರು, ಬಳ್ಳ, ಕೊಳಗಗಳಂಥ ಅಳೆಯುವ ಪಾತ್ರೆಗಳು ಮಾನ. ತಕ್ಕಡಿ ಮೊದಲಾದ ತೂಗುವ ಸಾಧನಗಳು ಉನ್ಮಾನ. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದೇ ಈ ದೋಷವೆಂದು ಪೂಜ್ಯಪಾದರೇ ಮೊದಲಾದ ವ್ಯಾಖ್ಯಾನಕಾರರು ಅರ್ಥ ಬಿಡಿಸಿದ್ದಾರೆ. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಸುಳ್ಳು ಲೆಕ್ಕ ಬರೆಯುವ ಕೂಟಲೇಖಕ್ರಿಯೆಯನ್ನು ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದರು. ಸುಳ್ಳು ಅಳತೆಯನ್ನಾದರೋ ಕಳವಿನ ಸಾಲಿನಲ್ಲಿ ಇಟ್ಟರು. ತಪ್ಪು ಅಳತೆಯು ಬರಿಯ ಮಾತಾಗಿ ಉಳಿಯುವುದಿಲ್ಲ. ಅದು ಒಬ್ಬನ ಕೈಯಲ್ಲಿರಬೇಕಾದುದನ್ನು ಅವನ ಅರಿವಿಗೆ ಬಾರದಂತೆ ಕಿತ್ತುಕೊಳ್ಳುತ್ತದೆ. ಈ ವಿಂಗಡಣೆಯ ಸೂಕ್ಷ್ಮವು ವ್ಯಾಪಾರ ಮಾಡಿದವರಿಗೆ ಬೇಗ ತಿಳಿದೀತು.

ಅಂಗಡಿಯ ಮಟ್ಟಿಗೆ ಈ ದೋಷಕ್ಕೆ ತಡೆಯುಂಟು. ಅನುಮಾನ ಬಂದ ಗಿರಾಕಿ ತನ್ನ ಬೆಲ್ಲವನ್ನೋ ಬೇಳೆಯನ್ನೋ ಪಕ್ಕದ ಅಂಗಡಿಗೆ ಒಯ್ದು ಮತ್ತೆ ತೂಗಿಸಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಯತ ಕಾಲಕ್ಕೆ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಆದರೆ ಈ ಕಾಲದಲ್ಲಿ ಮನುಷ್ಯನ ಬಾಳನ್ನೇ ತಿರುಗಿಸಬಲ್ಲ ಒಂದು ಅಳತೆಯು ಕೊಳ್ಳುವವನ ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ. ಅದು ರಕ್ತದ ಅಳತೆ. ತೋಳಿನಿಂದ ತೆಗೆದ ಐದು ಮಿಲಿಲೀಟರ್ ರಕ್ತ ಕೊಳವೆಯೊಳಗೆ ಹೋಗುತ್ತದೆ. ಸಂಜೆಗೆ ಒಂದು ಅಂಕಿ ಬರುತ್ತದೆ. ನಡುವೆ ಆದದ್ದೇನೆಂದು ರೋಗಿಗೆ ತಿಳಿಯದು, ಬಹುತೇಕ ವೈದ್ಯರಿಗೂ ತಿಳಿಯದು. ಅದೇ ಅಂಕಿ ಔಷಧ ಸಂಶೋಧನೆಯದಾದರೆ, ಅದನ್ನು ನಂಬಿ ಚಿಕಿತ್ಸೆ ಪಡೆಯುವವರು ಇನ್ನೂ ಹುಟ್ಟದವರೂ ಆಗಿರಬಹುದು.

ಥೈರಾಯ್ಡ್‌ಗೆ ಸಂಬಂಧಿಸಿದ ಟಿ.ಎಸ್.ಎಚ್., ಹೃದಯಕ್ಕೆ ಪೆಟ್ಟಾದಾಗ ಏರುವ ಟ್ರೋಪೋನಿನ್, ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ಮೊದಲಾದ ಸೂಚಕ ದ್ರವ್ಯಗಳನ್ನು ಇಂದು ಅಳೆಯುವುದು ಇಮ್ಯುನೋಅಸ್ಸೇ ಅನಲೈಸರ್ ಎಂಬ ಸ್ವಯಂಚಾಲಿತ ಯಂತ್ರ. ಇದರ ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು. ರಕ್ತದ ತಿಳಿಯಲ್ಲಿ ಒಂದು ಹನಿಗಿಂತ ಕಡಿಮೆಯಷ್ಟನ್ನು ಸೂಜಿ ಹೀರುತ್ತದೆ. ಅತಿ ಸಣ್ಣ ಕಾಂತೀಯ ಮಣಿಗಳಿಗೆ ಅಂಟಿಸಿದ ಒಂದು ಪ್ರತಿಕಾಯವು ಬೇಕಾದ ದ್ರವ್ಯವನ್ನು ಹಿಡಿದುಕೊಳ್ಳುತ್ತದೆ. ಬೆಳಕು ಬೀರುವ ಗುರುತನ್ನು ಹೊತ್ತ ಎರಡನೆಯ ಪ್ರತಿಕಾಯವು ಅದೇ ದ್ರವ್ಯದ ಇನ್ನೊಂದು ತುದಿಯನ್ನು ಹಿಡಿಯುತ್ತದೆ. ಕಾಂತವು ಮಣಿಗಳನ್ನು ಹಿಡಿದಿಟ್ಟಿರಲು ಉಳಿದದ್ದನ್ನೆಲ್ಲ ತೊಳೆದು, ಆಮೇಲೆ ಹೊಮ್ಮುವ ಬೆಳಕನ್ನು ಎಣಿಸುತ್ತಾರೆ. ಬೆಳಕು ಹೆಚ್ಚಿದಷ್ಟೂ ದ್ರವ್ಯ ಹೆಚ್ಚು. ವಿಟಮಿನ್ ಡಿ, ಥೈರಾಕ್ಸಿನ್‌ಗಳಂಥ ಚಿಕ್ಕ ಅಣುಗಳನ್ನು ಎರಡು ಕಡೆಯಿಂದ ಹಿಡಿಯಲು ಸ್ಥಳ ಸಾಲದು. ಅಲ್ಲಿ ಗುರುತು ಹೊತ್ತ ದ್ರವ್ಯಕ್ಕೂ ರಕ್ತದಲ್ಲಿನ ದ್ರವ್ಯಕ್ಕೂ ಪೈಪೋಟಿ ಹೂಡಿ ಅಳೆಯುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ, ಬೆಳಕು ಕಡಿಮೆಯಾದಷ್ಟೂ ದ್ರವ್ಯ ಹೆಚ್ಚು. ದೊಡ್ಡ ಯಂತ್ರಗಳು ಗಂಟೆಗೆ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಮುಗಿಸುತ್ತವೆ. ಟ್ರೋಪೋನಿನ್ನನ್ನು ಅಳೆಯುವ ಮಾನ ನ್ಯಾನೋಗ್ರಾಂ, ಎಂದರೆ ಒಂದು ಗ್ರಾಂನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು. ಅಕ್ಕಸಾಲಿಗನ ಗುಲಗಂಜಿಯೂ ಇದರ ಮುಂದೆ ಬೆಟ್ಟವೇ ಸರಿ.

ಈ ವಿದ್ಯೆಯ ಮೂಲವು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದೆ. ರೊಸಾಲಿನ್ ಯಾಲೊ ಎಂಬ ಭೌತವಿಜ್ಞಾನಿಯೂ ಸಾಲೊಮನ್ ಬರ್ಸನ್ ಎಂಬ ವೈದ್ಯರೂ ಕೂಡಿ, ಗಿನಿಯಿಲಿಗಳಿಂದ ಪಡೆದ ಪ್ರತಿಕಾಯಗಳನ್ನೂ ವಿಕಿರಣ ಸೂಸುವ ಅಯೋಡಿನ್ನನ್ನೂ ಬಳಸಿ ರಕ್ತದ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು 1960ರಲ್ಲಿ ವಿವರವಾಗಿ ಪ್ರಕಟಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ವಿಧಾನಕ್ಕೆ ಅವರಿಬ್ಬರೂ ಪೇಟೆಂಟ್ ಪಡೆಯಲಿಲ್ಲ. ಪರಿಗ್ರಹ ಪರಿಮಾಣದ ವಿಷಯವಾಗಿ ಲೇಖನ ಬರೆಯುವವರು ಈ ಉದಾಹರಣೆಯನ್ನು ನೆನಪಿಡಬಹುದು.

ಯಂತ್ರವು ಕಾಣುವುದು ಬೆಳಕನ್ನು ಮಾತ್ರ. ಅಂಕಿಯು ಹುಟ್ಟುವುದು ಹೋಲಿಕೆಯಿಂದ. ಇಂತಿಷ್ಟು ದ್ರವ್ಯವಿದೆಯೆಂದು ಮೊದಲೇ ಗೊತ್ತುಮಾಡಿದ ಕ್ಯಾಲಿಬ್ರೇಟರ್ ಎಂಬ ದ್ರವವನ್ನು ಓಡಿಸಿ, ಇಷ್ಟು ಬೆಳಕಿಗೆ ಇಷ್ಟು ಪ್ರಮಾಣ ಎಂಬ ಗೆರೆ ಎಳೆದಿಟ್ಟುಕೊಂಡು, ರೋಗಿಯ ಬೆಳಕನ್ನು ಆ ಗೆರೆಗೆ ಹಿಡಿದು ನೋಡುತ್ತಾರೆ. ಆದ್ದರಿಂದ ಕ್ಯಾಲಿಬ್ರೇಟರೇ ಇಲ್ಲಿನ ತೂಕದ ಬಟ್ಟು. ತೊಡಕಿರುವುದೂ ಇಲ್ಲಿಯೇ. ಹೃದಯದ ಟ್ರೋಪೋನಿನ್ ಐ ಎಂಬ ದ್ರವ್ಯದಲ್ಲಿ ಒಂದೊಂದು ಕಂಪನಿಯ ಪ್ರತಿಕಾಯವೂ ಅಣುವಿನ ಬೇರೆಬೇರೆ ಭಾಗವನ್ನು ಹಿಡಿಯುತ್ತದೆ; ಬಟ್ಟುಗಳೂ ಬೇರೆಬೇರೆ. ಒಂದೇ ರಕ್ತವು ಎರಡು ಯಂತ್ರಗಳಲ್ಲಿ ಎರಡು ಅಂಕಿಗಳನ್ನು ಕೊಡುತ್ತದೆ, ಮತ್ತು ಎರಡೂ ತಮ್ಮ ತಮ್ಮ ಮಿತಿಯೊಳಗೆ ಸರಿಯಾಗಿಯೇ ಇರುತ್ತವೆ. ಸಹಜ ಪ್ರಮಾಣದ ಗಡಿಯನ್ನು ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕವಾಗಿ ಗೊತ್ತುಮಾಡಿರುವುದು ಇದಕ್ಕಾಗಿಯೇ. ಯಾವ ಯಂತ್ರದ ಅಂಕಿ ಎಂಬುದನ್ನು ಬಿಟ್ಟು ಬರಿಯ ಅಂಕಿಯನ್ನು ಹೇಳುವುದು ನಯವನ್ನು ಪ್ರಮಾಣವೆಂದು ಸಾರಿದಂತಾಗುತ್ತದೆ. ಎರಡು ಆಸ್ಪತ್ರೆಗಳ ಫಲಿತಾಂಶಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸುವ ಸಂಶೋಧಕರು ಇದನ್ನು ಮರೆತರೆ, ಹಳೆಯ ಕಾಲದಲ್ಲಿ ಎರಡು ಸೀಮೆಗಳ ಕೊಳಗವನ್ನು ಒಂದೆಂದು ಬಗೆದು ಭತ್ತದ ಲೆಕ್ಕ ಬರೆದಂತೆಯೇ ಆದೀತು.

ಇದಕ್ಕಿಂತ ಗಂಭೀರವಾದದ್ದು, ಯಾರೂ ಮೋಸ ಮಾಡದಿದ್ದರೂ ಅಳತೆಯು ಮೋಸ ಮಾಡುವ ಸಂದರ್ಭ. ಪರೀಕ್ಷೆಯಲ್ಲಿ ಬಳಸುವ ಪ್ರತಿಕಾಯಗಳು ಇಲಿ, ಮೊಲ, ಮೇಕೆಗಳಿಂದ ಬಂದವು. ಕೆಲವರ ರಕ್ತದಲ್ಲಿ ಈ ಪ್ರಾಣಿಗಳ ಪ್ರತಿಕಾಯಗಳಿಗೇ ಅಂಟಿಕೊಳ್ಳುವ ಪ್ರತಿಕಾಯಗಳಿರುತ್ತವೆ. ಅಂಥ ರಕ್ತದಲ್ಲಿ ಅಳೆಯಬೇಕಾದ ದ್ರವ್ಯ ಇಲ್ಲದಿದ್ದರೂ ಮೊದಲನೆಯ ಮತ್ತು ಎರಡನೆಯ ಪ್ರತಿಕಾಯಗಳ ನಡುವೆ ಸೇತುವೆ ಬೀಳುತ್ತದೆ. ಬೆಳಕು ಹೊಮ್ಮುತ್ತದೆ, ಯಂತ್ರ ಅಂಕಿ ಹೇಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1998ರಲ್ಲಿ ಇಪ್ಪತ್ತೆರಡರ ಹರೆಯದ ಹೆಣ್ಣುಮಗಳೊಬ್ಬಳಿಗೆ ಎಚ್.ಸಿ.ಜಿ. ಎಂಬ ಹಾರ್ಮೋನು ಹೆಚ್ಚಿದೆಯೆಂದು ಪರೀಕ್ಷೆ ಮತ್ತೆ ಮತ್ತೆ ತೋರಿಸಿತು. ಗರ್ಭಸಂಬಂಧವಾದ ಕ್ಯಾನ್ಸರ್ ಎಂದು ತೀರ್ಮಾನಿಸಿ ಕೀಮೋಥೆರಪಿ ಕೊಟ್ಟರು, ಗರ್ಭಕೋಶವನ್ನು ತೆಗೆದರು, ಶ್ವಾಸಕೋಶದ ಒಂದು ಭಾಗವನ್ನೂ ತೆಗೆದರು. ಕ್ಯಾನ್ಸರ್ ಇರಲೇ ಇಲ್ಲ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ವರದಿಯು ಹೀಗೆಯೇ ಸುಳ್ಳು ಎಚ್.ಸಿ.ಜಿ. ಅಂಕಿಗೆ ಗುರಿಯಾದ ಹನ್ನೆರಡು ಮಂದಿ ಸ್ತ್ರೀಯರ ವೃತ್ತಾಂತವನ್ನು ದಾಖಲಿಸಿತು. ಸತ್ಯವನ್ನು ಕಂಡುಕೊಳ್ಳುವ ದಾರಿ ಕಷ್ಟದ್ದಾಗಿರಲಿಲ್ಲ. ರಕ್ತಕ್ಕೆ ದ್ರವ ಬೆರೆಸಿ ತೆಳುಮಾಡಿದರೆ ನಿಜವಾದ ದ್ರವ್ಯವು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಸುಳ್ಳು ಅಂಕಿ ಹಾಗೆ ಇಳಿಯುವುದಿಲ್ಲ. ಬೇರೆ ಕಂಪನಿಯ ಯಂತ್ರದಲ್ಲಿ ಓಡಿಸಿ ನೋಡಬಹುದು. ಎಲ್ಲಕ್ಕಿಂತ ಸುಲಭವಾದದ್ದು ಮೂತ್ರಪರೀಕ್ಷೆ; ಅಡ್ಡಬರುವ ಈ ದೊಡ್ಡ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ, ನಿಜವಾದ ಎಚ್.ಸಿ.ಜಿ. ಇಳಿಯುತ್ತದೆ. ಆ ಹೆಣ್ಣುಮಗಳ ದಾವೆಯಲ್ಲಿ 2001ರಲ್ಲಿ ತೀರ್ಪುಗಾರರು ಪರೀಕ್ಷೆಯನ್ನು ತಯಾರಿಸಿದವರನ್ನೂ ಚಿಕಿತ್ಸೆ ನಡೆಸಿದವರನ್ನೂ ಹೊಣೆಗಾರರೆಂದು ಹೇಳಿ ಒಂದು ಕೋಟಿ ಅರವತ್ತು ಲಕ್ಷ ಡಾಲರಿಗೂ ಮೀರಿದ ಪರಿಹಾರ ಕೊಡಿಸಿದರು. ಹೋದದ್ದು ಬರಲಿಲ್ಲ.

ಇಲ್ಲಿ ಕಳ್ಳರಾರು ಎಂಬುದೇ ಪ್ರಶ್ನೆ. ತಯಾರಕರು ಹೀಗಾಗಬಹುದೆಂದು ಡಬ್ಬಿಯೊಳಗಿನ ಹಾಳೆಯಲ್ಲಿ ಅಚ್ಚುಮಾಡಿದ್ದೇವೆ ಎನ್ನುತ್ತಾರೆ. ಪ್ರಯೋಗಾಲಯದವರು ಯಂತ್ರ ಕೊಟ್ಟದ್ದನ್ನು ಕೊಟ್ಟೆವು ಎನ್ನುತ್ತಾರೆ. ವೈದ್ಯರು ಪ್ರಯೋಗಾಲಯ ಹೇಳಿದ್ದನ್ನು ನಂಬಿದೆವು ಎನ್ನುತ್ತಾರೆ. ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ. ಹಾಗಾದರೆ ದೋಷವೆಲ್ಲಿ? ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಬಳಸಿದ ಪ್ರಮತ್ತಯೋಗ ಎಂಬ ಮಾತನ್ನು ಮುಂದಿನ ಅಸತ್ಯ ಮತ್ತು ಕಳವಿನ ಲಕ್ಷಣಗಳಿಗೂ ಅನ್ವಯಿಸಬೇಕೆಂಬುದು ವ್ಯಾಖ್ಯಾನಕಾರರ ಮತ. ಕೇಡು ಬಗೆಯುವುದಷ್ಟೇ ದೋಷವಲ್ಲ. ಎಚ್ಚರ ತಪ್ಪುವುದೂ ದೋಷ. ಇದಕ್ಕೆ ಒಂದು ಆಕ್ಷೇಪವುಂಟು. ಯಾವ ಅಳತೆಯೂ ಪೂರ್ಣವಲ್ಲ, ತಿಳಿಯದೆ ಆದ ತಪ್ಪನ್ನೆಲ್ಲ ಕಳವು ಎಂದರೆ ಪ್ರಯೋಗಾಲಯಗಳ ಬಾಗಿಲು ಹಾಕಬೇಕಾಗುತ್ತದೆ ಎಂಬುದು ಆ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅತಿಚಾರ ಬೇರೆ, ಅನಾಚಾರ ಬೇರೆ ಎಂಬ ವಿವೇಚನೆ ಹುಟ್ಟಿರುವುದೇ ಇಂಥ ಸಂದರ್ಭಗಳಿಗಾಗಿ. ತಿಳಿಯುವ ಸಾಧನವೇ ಇಲ್ಲದಾಗ ಆದ ತಪ್ಪು ಒಂದು ಬಗೆ. ತಿಳಿಯುವ ಸಾಧನ ಕೈಗೆ ಎಟುಕುವಂತಿದ್ದು, ಒಂದು ಮೂತ್ರಪರೀಕ್ಷೆಯಷ್ಟು ಅಗ್ಗವಾಗಿದ್ದು, ಅದನ್ನು ಬಳಸದೆ ಹೋದಾಗ ಆದ ತಪ್ಪು ಇನ್ನೊಂದು ಬಗೆ. ಎರಡನೆಯದನ್ನು ಅಜ್ಞಾನವೆಂದು ಕರೆಯುವುದು ಉದಾರತೆಯಾದೀತು, ನ್ಯಾಯವಾಗದು.

ಬಯೋಟಿನ್ ಎಂಬ ವಿಟಮಿನ್ನಿನ ಪ್ರಸಂಗವೂ ಇಂಥದೇ. ಅನೇಕ ಪರೀಕ್ಷೆಗಳಲ್ಲಿ ಪ್ರತಿಕಾಯವನ್ನು ಮಣಿಗೆ ಅಂಟಿಸುವ ಗೋಂದಾಗಿ ಇದನ್ನೇ ಬಳಸುತ್ತಾರೆ. ಕೂದಲು ಉದುರದಿರಲೆಂದು ಬಯೋಟಿನ್ ಗುಳಿಗೆಗಳನ್ನು ಹೆಚ್ಚು ಪ್ರಮಾಣದಲ್ಲಿ ನುಂಗುವವರ ರಕ್ತದಲ್ಲಿ ಅದು ತುಂಬಿಕೊಂಡಿದ್ದು ಅಂಟುವ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರ ನವೆಂಬರಿನಲ್ಲಿ ಈ ಬಗೆಗೆ ಎಚ್ಚರಿಕೆ ಹೊರಡಿಸಿತು; ಟ್ರೋಪೋನಿನ್ ಅಂಕಿ ತಪ್ಪಾಗಿ ಕಡಿಮೆ ಬಂದ ರೋಗಿಯೊಬ್ಬನ ಮರಣವು ಅದರಲ್ಲಿ ಉಲ್ಲೇಖವಾಗಿದೆ. ಗುಳಿಗೆ ನುಂಗುತ್ತೀರಾ ಎಂದು ರಕ್ತ ತೆಗೆಯುವ ಮೊದಲು ಕೇಳುವುದಕ್ಕೆ ಕಾಸು ಖರ್ಚಿಲ್ಲ.

ಚಿಕಿತ್ಸೆಯ ಮಾತು ಹೀಗಾಯಿತು. ಸಂಶೋಧನೆಯಲ್ಲಿ ಈ ದೋಷವು ಇನ್ನೂ ನಯವಾದ ರೂಪ ತಾಳುತ್ತದೆ. ಒಂದು ಔಷಧವು ರಕ್ತದ ಸೂಚಕ ದ್ರವ್ಯವನ್ನು ಇಳಿಸುವುದೇ ಎಂದು ನೋಡಲು ಮುನ್ನೂರು ಮಂದಿಯಿಂದ ಔಷಧಕ್ಕೆ ಮೊದಲು ಒಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ ರಕ್ತ ತೆಗೆದರೆಂದು ಭಾವಿಸಬಹುದು. ಮೊದಲಿನ ರಕ್ತವನ್ನು ಜನವರಿಯಲ್ಲಿಯೂ ಎರಡನೆಯದನ್ನು ಜುಲೈಯಲ್ಲಿಯೂ ಓಡಿಸಿದರೆ, ನಡುವೆ ರೀಏಜೆಂಟಿನ ಲಾಟ್ ಬದಲಾಗಿರುತ್ತದೆ. ಹೊಸ ಲಾಟ್ ತುಸು ಕಡಿಮೆ ತೋರಿಸುವುದಾದರೆ ಆ ಇಳಿತವೆಲ್ಲ ಔಷಧದ ಮಹಿಮೆಯಾಗಿ ಅಚ್ಚಾಗುತ್ತದೆ. ಇದಕ್ಕೆ ಬಲ್ಲವರು ಮಾಡುವ ಉಪಾಯವೆಂದರೆ, ರಕ್ತದ ತಿಳಿಯನ್ನು ಶೂನ್ಯಕ್ಕಿಂತ ಎಪ್ಪತ್ತು ಎಂಬತ್ತು ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಿಟ್ಟು, ಒಬ್ಬನ ಎರಡೂ ಮಾದರಿಗಳನ್ನು ಒಂದೇ ದಿನ, ಒಂದೇ ಲಾಟಿನಲ್ಲಿ, ಯಾವುದು ಮೊದಲಿನದು ಯಾವುದು ಆಮೇಲಿನದೆಂದು ಯಂತ್ರದ ಬಳಿ ಇರುವವನಿಗೆ ತಿಳಿಯದಂತೆ ಓಡಿಸುವುದು. ಪ್ರತಿದಿನವೂ ಬೆಲೆ ತಿಳಿದ ಕಂಟ್ರೋಲ್ ದ್ರವವನ್ನು ಓಡಿಸಿ ಅದರ ಅಂಕಿಯನ್ನು ಒಂದು ನಕ್ಷೆಯ ಮೇಲೆ ಚುಕ್ಕಿಯಿಟ್ಟು ನೋಡುವ ಪದ್ಧತಿಯೂ ಇದೆ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬವರು ಇದನ್ನು ಪ್ರಯೋಗಾಲಯಗಳಿಗೆ ತಂದರು. ಅದು ದಿನದ ಕಿರ್ದಿಯನ್ನು ಪೆಟ್ಟಿಗೆಯ ನಗದಿಗೆ ತಾಳೆ ನೋಡುವಂತೆಯೇ. ತಾಳೆಯಾಗದ ದಿನ ಅಂಗಡಿ ಮುಚ್ಚಿ ಲೆಕ್ಕ ಹುಡುಕಬೇಕೇ ಹೊರತು ಮುಂದಿನ ಗಿರಾಕಿಗೆ ತೂಗಬಾರದು.

ಆದರೂ ಲಾಟ್ ಮತ್ತು ಶೈತ್ಯಗಳ ಎಚ್ಚರಿಕೆಯಿಂದ ನೀಗದ ದೋಷವೊಂದಿದೆ. ಅಂಕಿಯು ತಾನು ನಿರೀಕ್ಷಿಸಿದಂತೆ ಬಂದಾಗ ಸಂಶೋಧಕನು ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾನೆ. ನಿರೀಕ್ಷೆಗೆ ವಿರುದ್ಧವಾಗಿ ಬಂದಾಗ ಮಾತ್ರ ಮಾದರಿ ಕೆಟ್ಟಿರಬಹುದು, ಸೂಜಿ ಕಟ್ಟಿಕೊಂಡಿರಬಹುದು ಎಂಬ ಸಂಶಯಗಳು ಅವನಿಗೆ ಹೊಳೆಯುತ್ತವೆ, ಮತ್ತೆ ಓಡಿಸುತ್ತಾನೆ. ಎರಡನೆಯ ಅಂಕಿ ಹಿತವಾಗಿ ಬಂದರೆ ಮೊದಲನೆಯದನ್ನು ಅಳಿಸುತ್ತಾನೆ. ಒಂದೊಂದು ಮರುಪರೀಕ್ಷೆಗೂ ಒಂದೊಂದು ಸಕಾರಣವಿರಬಹುದು. ಒಟ್ಟಿನಲ್ಲಿ ನಡೆದದ್ದೇನು? ತನಗೆ ಬೇಕಾದ ಅಂಕಿಗೆ ಒಂದು ಕೊಳಗ, ಬೇಡವಾದ ಅಂಕಿಗೆ ಇನ್ನೊಂದು ಕೊಳಗ. ಹೀನಾಧಿಕ ಎಂಬ ಮಾತಿನಲ್ಲಿ ಹೀನವೂ ಅಧಿಕವೂ ಕೂಡಿಯೇ ಇರುವುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಯಂತ್ರ ಸರಿಯಾಗಿದೆ, ಬಟ್ಟು ಸರಿಯಾಗಿದೆ, ಪ್ರತಿಯೊಂದು ತೂಕವೂ ನಿಜ. ಆದರೂ ವ್ಯವಹಾರ ಕಳವಿನದು. ಯಾವ ಅಂಕಿಯನ್ನು ಯಾವ ಕಾರಣಕ್ಕೆ ಮರುಪರೀಕ್ಷೆ ಮಾಡಬೇಕು, ಎರಡರಲ್ಲಿ ಯಾವುದನ್ನು ಉಳಿಸಬೇಕು ಎಂಬ ನಿಯಮವನ್ನು ಮೊದಲ ಮಾದರಿಯನ್ನು ಓಡಿಸುವ ಮೊದಲೇ ಬರೆದಿಡುವುದೊಂದೇ ಇದಕ್ಕೆ ಮದ್ದು. ಅಣುವ್ರತವೂ ಅಂಥದೇ ಅಲ್ಲವೇ? ಆಸೆ ಎದುರಿಗೆ ಬರುವ ಮೊದಲೇ ಹಾಕಿಕೊಂಡ ಕಟ್ಟು ಅದು.

ಇಷ್ಟೆಲ್ಲ ದೋಷಗಳನ್ನು ಎಣಿಸಿದ ಮೇಲೆ ಒಳ್ಳೆಯ ಉದಾಹರಣೆಯೊಂದನ್ನೂ ಹೇಳುವುದು ನ್ಯಾಯ. 2025ರ ಮೇ ತಿಂಗಳಿನಲ್ಲಿ ಅಮೆರಿಕದ ಅದೇ ಆಡಳಿತವು ಮರೆವಿನ ಆಲ್‌ಝೈಮರ್ ರೋಗದ ನಿರ್ಣಯಕ್ಕೆ ನೆರವಾಗುವ ಮೊದಲ ರಕ್ತಪರೀಕ್ಷೆಗೆ ಅನುಮತಿ ಕೊಟ್ಟಿತು. ಜಪಾನಿನ ಫ್ಯೂಜಿರೆಬಿಯೋ ಕಂಪನಿಯ ಲ್ಯೂಮಿಪಲ್ಸ್ ಎಂಬ ಸ್ವಯಂಚಾಲಿತ ಯಂತ್ರದಲ್ಲಿ ರಕ್ತದ ಎರಡು ಪ್ರೋಟೀನುಗಳನ್ನು ಅಳೆದು ಅವುಗಳ ಅನುಪಾತವನ್ನು ನೋಡುವ ಪರೀಕ್ಷೆ ಅದು. 55 ವರ್ಷ ಮೀರಿದ, ರೋಗಲಕ್ಷಣಗಳಿರುವವರಿಗಾಗಿ ಮಾತ್ರ. 499 ಮಂದಿಯ ರಕ್ತವನ್ನು ಅಳೆದಾಗ, ಇದೆ ಎಂದು ಹೇಳಿದವರಲ್ಲಿ ನೂರಕ್ಕೆ 91.7 ಮಂದಿಗೆ ಮಿದುಳಿನ ಚಿತ್ರಣದಿಂದಲೋ ಬೆನ್ನುಹುರಿಯ ದ್ರವದಿಂದಲೋ ಅದು ದೃಢಪಟ್ಟಿತು. ಇಲ್ಲ ಎಂದು ಹೇಳಿದವರಲ್ಲಿ ನೂರಕ್ಕೆ 97.3 ಮಂದಿಗೆ ಇಲ್ಲವೆಂದೇ ದೃಢಪಟ್ಟಿತು. ಉಳಿದವರು, ನೂರಕ್ಕೆ ಇಪ್ಪತ್ತಕ್ಕಿಂತ ಸ್ವಲ್ಪ ಕಡಿಮೆ ಮಂದಿ, ಇದೆಯೂ ಅಲ್ಲದ ಇಲ್ಲವೂ ಅಲ್ಲದ ನಡುವಣ ಪಟ್ಟಿಯಲ್ಲಿ ಬಿದ್ದರು. ಮೆಚ್ಚತಕ್ಕದ್ದು ಈ ಮೂರನೆಯ ಅಂಕಿಯನ್ನು ಮರೆಮಾಡದೆ ಮೊದಲೆರಡರ ಪಕ್ಕದಲ್ಲಿಯೇ ಪ್ರಕಟಿಸಿದ್ದನ್ನು. ಇದು ಸ್ಯಾದ್ವಾದದ ಅವಕ್ತವ್ಯವೇ ಎಂದು ಸಂಭ್ರಮಿಸುವ ಉತ್ಸಾಹಿಗಳಿದ್ದಾರು, ಅದು ಸರಿಯಲ್ಲ. ಅವಕ್ತವ್ಯವೆಂದರೆ ತಿಳಿಯದ್ದು ಎಂದಲ್ಲ, ಎರಡು ಧರ್ಮಗಳನ್ನು ಒಂದೇ ಕಾಲದಲ್ಲಿ ನುಡಿಯಲಾಗದ್ದು ಎಂದರ್ಥ. ಇಲ್ಲಿರುವುದು ಬರಿಯ ಪ್ರಾಮಾಣಿಕತೆ, ಅಷ್ಟೇ ಸಾಕು.

ಪ್ರಾಮಾಣಿಕತೆ ತಪ್ಪಿದರೆ ಏನಾಗುವುದೆಂಬುದಕ್ಕೆ ಥೆರಾನೋಸ್ ಕಂಪನಿಯ ಚರಿತ್ರೆ ಲೋಕಪ್ರಸಿದ್ಧ. 2003ರಲ್ಲಿ ಎಲಿಜಬೆತ್ ಹೋಮ್ಸ್ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಈ ಕಂಪನಿಯು, ಬೆರಳ ತುದಿಯ ಕೆಲವೇ ಹನಿಗಳಿಂದ ನೂರಾರು ಪರೀಕ್ಷೆಗಳನ್ನು ತನ್ನ ಯಂತ್ರ ಮಾಡುವುದೆಂದು ಹೇಳಿಕೊಂಡಿತು. ಎಡಿಸನ್ ಎಂಬ ಹೆಸರಿನ ಆ ಯಂತ್ರವು ಇಮ್ಯುನೋಅಸ್ಸೇ ವರ್ಗದ್ದೇ. ಅದು ಮಾಡಬಲ್ಲ ಪರೀಕ್ಷೆಗಳು ಬೆರಳೆಣಿಕೆಯಷ್ಟು; ಹೆಚ್ಚಿನವನ್ನು ಬೇರೆ ಕಂಪನಿಗಳ ಯಂತ್ರಗಳಲ್ಲಿ, ಕೆಲವನ್ನು ಸಾಲದ ರಕ್ತಕ್ಕೆ ದ್ರವ ಬೆರೆಸಿ, ಗುಟ್ಟಾಗಿ ಓಡಿಸುತ್ತಿದ್ದರೆಂದು 2015ರ ಅಕ್ಟೋಬರಿನಿಂದ ಪತ್ರಿಕಾ ವರದಿಗಳು ಬಯಲಿಗೆಳೆದವು. 2016ರಲ್ಲಿ ಕಂಪನಿಯೇ ಎಡಿಸನ್ ಯಂತ್ರದ ಎರಡು ವರ್ಷಗಳ ಫಲಿತಾಂಶಗಳನ್ನು ರದ್ದುಮಾಡಿತು. 2018ರಲ್ಲಿ ಬಾಗಿಲು ಹಾಕಿತು. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವು ಅಚೌರ್ಯವ್ರತದ ಐದನೆಯ ಅತಿಚಾರ, ಹೀನಾಧಿಕ ಮಾನದ ಮಗ್ಗುಲಲ್ಲಿಯೇ ಕುಳಿತಿದೆ. 2022ರ ಜನವರಿಯಲ್ಲಿ ಹೋಮ್ಸ್ ಬಂಡವಾಳ ಹೂಡಿದವರನ್ನು ವಂಚಿಸಿದ ನಾಲ್ಕು ಆರೋಪಗಳಲ್ಲಿ ತಪ್ಪಿತಸ್ಥೆಯೆಂದು ತೀರ್ಪಾಯಿತು. ಆ ವರ್ಷದ ನವೆಂಬರಿನಲ್ಲಿ ಹನ್ನೊಂದು ವರ್ಷ ಮೂರು ತಿಂಗಳ ಸೆರೆ ವಿಧಿಸಲಾಯಿತು. ರೋಗಿಗಳನ್ನು ವಂಚಿಸಿದ ಆರೋಪಗಳಲ್ಲಿ ಆಕೆಗೆ ಬಿಡುಗಡೆಯಾಯಿತು. ಕಂಪನಿಯ ಅಧ್ಯಕ್ಷ ರಮೇಶ್ ಬಲ್ವಾನಿಯನ್ನು ಬೇರೆ ವಿಚಾರಣೆಯಲ್ಲಿ, 2022ರ ಜುಲೈಯಲ್ಲಿ, ರೋಗಿಗಳ ಆರೋಪಗಳೂ ಸೇರಿ ಹನ್ನೆರಡರಲ್ಲಿಯೂ ತಪ್ಪಿತಸ್ಥನೆಂದರು. ಒಂದೇ ಅಂಗಡಿ, ಒಂದೇ ತಕ್ಕಡಿ. ಹಣ ಹಾಕಿದವನ ನಷ್ಟವು ಎರಡು ತೀರ್ಪುಗಳಲ್ಲಿಯೂ ಸಿಕ್ಕಿತು, ತೂಕ ಕೊಂಡವನ ನಷ್ಟವು ಒಂದರಲ್ಲಿ ಸಿಕ್ಕಿತು. ಕೋಟಿಗಟ್ಟಲೆ ಡಾಲರುಗಳಿಗೆ ರಸೀದಿಯಿರುತ್ತದೆ. ತಪ್ಪು ಅಂಕಿಯನ್ನು ನಂಬಿ ನಿದ್ದೆಗೆಟ್ಟವನ ಬಳಿ ಏನಿರುತ್ತದೆ?

ಇನ್ನು ಜೈನ ವಾಚಕರು ಮೊದಲೇ ಕೇಳಬೇಕೆಂದಿದ್ದ ಪ್ರಶ್ನೆ. ಪ್ರತಿಕಾಯವೆಂದರೆ ಪ್ರಾಣಿಯ ನೋವು. ಮೇಕೆ ಮೊಲಗಳಿಗೆ ಚುಚ್ಚುಮದ್ದಿಟ್ಟು ಅವುಗಳ ರಕ್ತದಿಂದ ಪ್ರತಿಕಾಯ ತೆಗೆಯುವುದು ಹಳೆಯ ಕ್ರಮ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಕೊನೆಯಿಲ್ಲದೆ ತಯಾರಿಸುವ ಜೀವಕೋಶಗಳನ್ನು ಇಲಿಯಿಂದ ಪಡೆದರು. ಆ ಜೀವಕೋಶಗಳನ್ನು ಬದುಕಿರುವ ಇಲಿಯ ಹೊಟ್ಟೆಯಲ್ಲಿ ಬೆಳೆಸಿ, ಹೊಟ್ಟೆ ಉಬ್ಬಿದಾಗ ದ್ರವ ಎಳೆಯುವ ಕ್ರೂರ ಪದ್ಧತಿ ಬಹುಕಾಲ ನಡೆಯಿತು. ಈಗ ಗಾಜಿನ ಪಾತ್ರೆಯಲ್ಲಿ ಬೆಳೆಸುವುದು ಸಾಧ್ಯವಾಗಿದೆ. ಪ್ರಾಣಿಗಳ ನೆರವಿಲ್ಲದೆಯೇ ಪ್ರತಿಕಾಯ ತಯಾರಿಸಿ ಬಳಸಬೇಕೆಂದು ಯುರೋಪಿನ ಒಕ್ಕೂಟದ ಪ್ರಯೋಗಾಲಯವು 2020ರಲ್ಲಿ ಶಿಫಾರಸು ಮಾಡಿತು. ಇದನ್ನು ಉದ್ಯೋಗೀ ಹಿಂಸೆಯೆಂದು ಕರೆದು ಸಮಾಧಾನ ಪಡುವುದು ಕಠಿಣ, ಏಕೆಂದರೆ ಇಲಿಗೆ ಚುಚ್ಚುವ ಕೈಗೆ ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿರುತ್ತದೆ. ಈ ಪ್ರಶ್ನೆಯನ್ನು ಪೂರ್ತಿ ಬಿಡಿಸಲು ಬೇರೆಯೇ ಲೇಖನ ಬೇಕು. ಪ್ರಸ್ತುತ ವಿಷಯಕ್ಕೆ ಇಷ್ಟು ಸಾಕು: ಕಂಟ್ರೋಲ್ ಓಡಿಸದೆ ಪಡೆದ, ಯಾರಿಗೂ ಉಪಯೋಗಕ್ಕೆ ಬಾರದ ಅಂಕಿಯಲ್ಲಿಯೂ ಆ ಪ್ರಾಣಿಯ ನೋವು ಅಷ್ಟೇ ಇದೆ. ಅಲ್ಲಿ ಕಳವಿನ ಜೊತೆಗೆ ನಿರರ್ಥಕ ಹಿಂಸೆಯೂ ಖಾತೆಗೆ ಬೀಳುತ್ತದೆ.

ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆ ಮೂರು ಬಗೆ. ಬಸದಿಗಳ ಟ್ರಸ್ಟುಗಳೂ ದಾನಿಗಳೂ ಆಸ್ಪತ್ರೆಗಳಿಗೆ, ಸಂಶೋಧನಾಲಯಗಳಿಗೆ ಯಂತ್ರ ಕೊಡಿಸುವಾಗ ಕಾರಿತದ ಪಾಲಿಗೆ ಬರುತ್ತಾರೆ. ಔಷಧದಾನವೆಂಬ ಪುಣ್ಯಕಾರ್ಯವೇ ಇದು, ಸಂಶಯವಿಲ್ಲ. ಆದರೆ ಸಾಮಾನ್ಯವಾಗಿ ದಾನಪತ್ರದಲ್ಲಿ ಯಂತ್ರದ ಬೆಲೆಯೊಂದೇ ಇರುತ್ತದೆ. ಕಂಟ್ರೋಲ್ ದ್ರವಕ್ಕೆ, ಲಾಟ್ ಬದಲಾದಾಗ ಹಳತನ್ನೂ ಹೊಸತನ್ನೂ ಒಟ್ಟಿಗೆ ಓಡಿಸಿ ತಾಳೆ ನೋಡುವುದಕ್ಕೆ, ವರ್ಷಾವಧಿ ದುರಸ್ತಿಯ ಒಪ್ಪಂದಕ್ಕೆ ಹಣವಿರುವುದಿಲ್ಲ. ಹೊರಗಿನವರಿಂದ ತಪಾಸಣೆ ಮಾಡಿಸುವ ಏರ್ಪಾಟೂ ದೇಶದಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಒಂದೇ ಮಾದರಿಯನ್ನು ಅನೇಕ ಪ್ರಯೋಗಾಲಯಗಳಿಗೆ ಕಳುಹಿಸಿ, ಬಂದ ಅಂಕಿಗಳನ್ನು ಹೋಲಿಸಿ, ಯಾರ ತಕ್ಕಡಿ ಎಷ್ಟು ವಾಲಿದೆಯೆಂದು ತಿಳಿಸುತ್ತಾರೆ. ಪಕ್ಕದ ಅಂಗಡಿಯಲ್ಲಿ ಮತ್ತೆ ತೂಗಿಸುವ ಹಳೆಯ ಉಪಾಯವೇ ಇದು. ಇದಕ್ಕೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕು. ಯಂತ್ರಕ್ಕೆ ದಾನಿಯ ಹೆಸರಿನ ಅಮೃತಶಿಲೆಯ ಫಲಕ ಬರುತ್ತದೆ, ಮೂರನೆಯ ವರ್ಷದ ಕಂಟ್ರೋಲ್ ದ್ರವಕ್ಕೆ ಯಾರೂ ಫಲಕ ಕೆತ್ತಿಸುವುದಿಲ್ಲ. ಮುಂದಿನ ಬಾರಿ ಇಂಥ ಅರ್ಜಿಯೊಂದು ಟ್ರಸ್ಟಿನ ಸಭೆಯ ಮುಂದೆ ಬಂದಾಗ, ಕೋಶಾಧಿಕಾರಿಗಳು ಯಂತ್ರದ ಕೊಟೇಶನ್ನಿನ ಜೊತೆಗೆ ಕಳೆದ ಆರು ತಿಂಗಳ ಕಂಟ್ರೋಲ್ ನಕ್ಷೆಗಳನ್ನೂ ತರಿಸಿ ನೋಡಬಹುದು. ಒಳ್ಳೆಯ ಪ್ರಯೋಗಾಲಯದವರು ಅವನ್ನು ಅರ್ಧ ಗಂಟೆಯಲ್ಲಿ ತೆಗೆದುಕೊಡುತ್ತಾರೆ.